ಕರಿ ಕುರಿಯ ಐದೆಳೆ

ಪಾರ್ವತಮ್ಮನ ಕೈಚೀಲದಲ್ಲಿ ಮನೆಯ ಬೀಗದ ಕೈ ಮರೆತರೂ ಬೆಂಕಿಪೊಟ್ಟಣ ಮಾತ್ರ ತಪ್ಪುತ್ತಿರಲಿಲ್ಲ. ಬಟ್ಟೆ ಅಂಗಡಿಗೆ ಹೋದಳೆಂದರೆ ಮೊದಲು ಅಂಚಿನಿಂದ ಒಂದೆಳೆ ಕೀಳುವುದು, ಅಂಗಡಿಯವನು ಅತ್ತ ತಿರುಗಿದ ಕೂಡಲೇ ಕಡ್ಡಿ ಗೀರಿ ಅದಕ್ಕೆ ಹಿಡಿಯುವುದು, ಮೂಗಿನ ಹತ್ತಿರ ತಂದು ಮೂಸುವುದು. ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕಾಗದ ಸುಟ್ಟ ಹಾಗಿದ್ದರೆ ಹತ್ತಿ. ಕರಗಿ, ಗಟ್ಟಿ ಮಣಿಯಾಗಿ ಬೆರಳಿಗೆ ಅಂಟಿಕೊಂಡರೆ ಅಂಗಡಿಯವನು ಕಳ್ಳ, ಅವನ ಅಪ್ಪನೂ ಕಳ್ಳ. ಅಲ್ಲಿಂದ ಅವಳು ಸೆರಗು ಕೊಡವಿಕೊಂಡು ಎದ್ದು ಬರುತ್ತಿದ್ದಳು.

ಈ ಅಭ್ಯಾಸ ಅಂಟಿದ್ದು ಸೂರತ್ತಿನಲ್ಲಿ. ಚಳ್ಳಕೆರೆ ಸೀಮೆಯ ಕುರುಬರ ಹಟ್ಟಿಯಿಂದ ಇಪ್ಪತ್ತೊಂದನೇ ವಯಸ್ಸಿಗೆ ಮದುವೆಯಾಗಿ ಬಂದವಳು. ಗಂಡ ಹನುಮಂತಪ್ಪ ವಿಮಾ ಕಚೇರಿಯ ಗುಮಾಸ್ತ. ಮೊದಲ ಚಳಿಗಾಲದಲ್ಲೇ ಅವನು ಪ್ರೀತಿಯಿಂದ ಒಂದು ಶಾಲು ತಂದುಕೊಟ್ಟ. ಅಚ್ಚ ಉಣ್ಣೆ, ಕಾಶ್ಮೀರದ್ದು ಎಂದು ಅಂಗಡಿಯವನು ಆಣೆ ಹಾಕಿದ್ದನಂತೆ. ಅವಳು ಅದನ್ನು ಹೊದ್ದು ದೇವರ ಮುಂದೆ ಬಗ್ಗಿದಾಗ ದೀಪದ ಕುಡಿ ತಾಗಿ ಶಾಲಿನ ತುದಿ ಕರಗಿ ಮುಂಗೈಗೆ ಅಂಟಿಕೊಂಡಿತು. ಆ ಕಲೆ ಇವತ್ತಿಗೂ ಇದೆ, ಹುಣಿಸೆ ಬೀಜದಷ್ಟು ದೊಡ್ಡದು. ಕುರಿಯ ನಡುವೆ ಹುಟ್ಟಿ, ಅವ್ವನ ಜೊತೆ ಕದಿರು ತಿರುಗಿಸಿ ಉಣ್ಣೆ ನೂತು, ಕಂಬಳಿ ನೇಯುವ ಹಾಸುದಾರಕ್ಕೆ ಹುಣಿಸೆ ಬೀಜದ ಗಂಜಿ ಬಳಿದು ಬೆಳೆದವಳು ತಾನು. ತನ್ನ ಮೈಮೇಲೆಯೇ ಸುಳ್ಳು ಉಣ್ಣೆ ಹೊದಿಸಿದರಲ್ಲ ಎಂಬ ಸಿಟ್ಟು ಸುಟ್ಟ ಗಾಯಕ್ಕಿಂತ ಹೆಚ್ಚಾಯಿತು. ಅಂದಿನಿಂದ ಸೂರತ್ ಎಂದರೆ ಅವಳ ಪಾಲಿಗೆ ಸುಳ್ಳು ದಾರದ ಊರು.

ಅನುಮಾನಕ್ಕೆ ಒಮ್ಮೆ ಜಾಗ ಕೊಟ್ಟರೆ ಅದು ಬಟ್ಟೆಯೊಂದಕ್ಕೇ ನಿಲ್ಲುತ್ತದೆಯೇ? ವಡೋದರಾಕ್ಕೆ ವರ್ಗವಾದ ಮೇಲೆ ಹಾಲು, ತುಪ್ಪ, ಜೇನು, ಕೊನೆಗೆ ನೆರೆಮನೆಯವರ ನಗು, ಎಲ್ಲವನ್ನೂ ಅವಳು ಪರೀಕ್ಷೆಗೆ ಹಚ್ಚಿದಳು. ಕ್ವಾರ್ಟರ್ಸಿನ ಹೆಂಗಸರು ಅವಳಿಗೆ ‘ದಿವಾಸಳಿ ಬೆನ್’ ಎಂದು ಹೆಸರಿಟ್ಟರು, ಬೆಂಕಿಕಡ್ಡಿಯ ಅಕ್ಕ ಎಂದು. ಹನುಮಂತಪ್ಪ ಅದನ್ನು ಕೇಳಿ ಹೊಟ್ಟೆ ಹಿಡಿದು ನಕ್ಕ. “ನಮ್ಮ ಮದುವೇಲಿ ನನ್ನ ಕೂದಲನ್ನೂ ಒಂದೆಳೆ ಸುಟ್ಟು ನೋಡಿರ್ಬೇಕು ಇವಳು,” ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದ. ಪಾರ್ವತಮ್ಮ ನಗುತ್ತಿರಲಿಲ್ಲ. ಇಷ್ಟು ಸುಲಭವಾಗಿ ನಗುವ ಗಂಡಸು ಕಚೇರಿಯಲ್ಲಿ ಎಷ್ಟು ಜನರ ಕೈಲಿ ಮೋಸ ಹೋಗುತ್ತಾನೋ ಎಂದು ಅವಳಿಗೆ ಅದೇ ಚಿಂತೆ.

ಈಗ ಅವರು ಅಹಮದಾಬಾದಿನ ಹೊರವಲಯದ ಬೋಪಾಲ್‌ನಲ್ಲಿ, ಏಳನೇ ಮಹಡಿಯಲ್ಲಿದ್ದಾರೆ. ಮಗ ಆದರ್ಶನಿಗೆ ಮದುವೆ ಗೊತ್ತಾಯಿತು. ಹುಡುಗಿ ತನುಶ್ರೀ. ಎಲ್ಲಿಯವಳು? ಸೂರತ್ತಿನವಳು. ಏನು ಕೆಲಸ? ಕೃತಕ ನೂಲಿನ ಕಾರ್ಖಾನೆಯಲ್ಲಿ ದಾರ ಪರೀಕ್ಷೆ ಮಾಡುವ ಕೆಲಸ. ಪಾರ್ವತಮ್ಮನ ಮನಸ್ಸಿನಲ್ಲಿ ಒಂದಲ್ಲ, ಎರಡು ಎಚ್ಚರಿಕೆಯ ಗಂಟೆ ಒಟ್ಟಿಗೆ ಮೊಳಗಿದವು. ಹುಡುಗಿಯ ಅಪ್ಪ ರೈಲ್ವೆಯವರು, ಹಾವೇರಿ ಕಡೆಯವರು. ಸೂರತ್ತಿನಲ್ಲಿಯೇ ಹುಟ್ಟಿ ಬೆಳೆದ ತನುಶ್ರೀಗೆ ಕನ್ನಡ ತಡವರಿಸುತ್ತಿತ್ತು. ಒಂದು ಮಾತಿಗೆ ಮೂರು ಸಲ ಹುಡುಕಾಡಿ, ಸಿಗದಿದ್ದರೆ ಹಿಂದಿಯಲ್ಲಿ ಮುಗಿಸಿ ಕಣ್ಣು ತಗ್ಗಿಸುತ್ತಿದ್ದಳು. ಕಣ್ಣು ತಗ್ಗಿಸುವವರ ಮೇಲೆ ಪಾರ್ವತಮ್ಮನಿಗೆ ಮೊದಲಿನಿಂದಲೂ ನಂಬಿಕೆ ಕಡಿಮೆ.

ಅದೆಲ್ಲ ಬಿಟ್ಟರೂ ಒಂದು ದೊಡ್ಡ ತೊಡಕು ಉಳಿಯಿತು. ಪಾರ್ವತಮ್ಮನ ಕಡೆಯವರು ಉಣ್ಣೆ ಕಂಕಣದವರು. ಮದುವೆಯಲ್ಲಿ ಗಂಡು ಹೆಣ್ಣಿನ ಮುಂಗೈಗೆ ಕಟ್ಟುವ ದಾರ ಕುರಿಯ ಉಣ್ಣೆಯದ್ದೇ ಆಗಬೇಕು. ಹುಡುಗಿಯ ಕಡೆಯವರು ಹತ್ತಿ ಕಂಕಣದವರು. ಕುರುಬರೇ ಆದರೂ ಹಿಂದೆ ಈ ಎರಡು ದಾರದವರ ನಡುವೆ ಹೆಣ್ಣು ಕೊಟ್ಟು ತರುವುದೇ ಇರಲಿಲ್ಲ. ಈಗ ಯಾರು ಕೇಳುತ್ತಾರೆ? ಆದರೂ ನಿಶ್ಚಿತಾರ್ಥದ ದಿನ ಯಾವ ದಾರ ಎಂಬ ಮಾತು ಬಂದೇ ಬಂತು. ಪಾರ್ವತಮ್ಮ ಹತ್ತು ಜನರ ಮುಂದೆ ಎದೆ ಸೆಟೆಸಿ ಹೇಳಿದಳು, “ಇಬ್ಬರ ಕೈಗೂ ಉಣ್ಣೇದೇ. ಕರಿ ಉಣ್ಣೆ, ಬಣ್ಣ ಹಾಕದ್ದು. ನಾನೇ ತರಿಸಿ, ನಾನೇ ನೂತು, ನಾನೇ ಕಟ್ತೀನಿ.”

ಹುಡುಗಿಯ ತಾಯಿ ಶಕುಂತಲಾ ತಕರಾರು ತೆಗೆಯಲಿಲ್ಲ. “ನೀವು ಯಾವ್ದು ಕಟ್ಟಿದ್ರೂ ನಮಗ ನಡೀತೈತ್ರಿ, ಬೀಗ್ರ. ಉಣ್ಣಿ ಸಿಗದಿದ್ರ ಚಿಂತಿ ಮಾಡಬ್ಯಾಡ್ರಿ, ಹತ್ತೀದು ಒಂದು ಜೋಡಿ ಮಾಡಿ ನಾನು ಇಟ್ಟಿರ್ತೀನಿ,” ಎಂದಳು. ಒಳ್ಳೆಯ ಮಾತೇ. ಆದರೆ ಪಾರ್ವತಮ್ಮನಿಗೆ ಅದು ಬೇರೆಯದೇ ಕೇಳಿಸಿತು. ಇವಳು ಕಾಯುತ್ತಿದ್ದಾಳೆ. ಉಣ್ಣೆ ಸಿಗದಿರಲಿ ಎಂದು ಕಾಯುತ್ತಿದ್ದಾಳೆ. ತನ್ನ ಮಗನ ಕೈಗೆ ಹತ್ತಿ ಕಟ್ಟಿಸಿ, ನಾಳೆ ಮೊಮ್ಮಕ್ಕಳನ್ನೂ ಹತ್ತಿಯವರನ್ನಾಗಿ ಮಾಡುವ ಹುನ್ನಾರ ಇದು. ಅಜ್ಜಿಯ ಅಜ್ಜಿಯ ಕಾಲದಿಂದ ಬಂದ ದಾರ ತನ್ನ ಕೈಯಲ್ಲಿ ಕಡಿದುಹೋಗಬಾರದು. ಮದುವೆಯ ಊಟ, ಛತ್ರ, ಸೀರೆ ಯಾವುದೂ ಅವಳಿಗೆ ಆಮೇಲೆ ಮುಖ್ಯವಾಗಲಿಲ್ಲ.

ಊರಿನಲ್ಲಿದ್ದ ತಮ್ಮ ವೆಂಕಟಾಚಲನಿಗೆ ಹೇಳಿ ಉಣ್ಣೆ ತರಿಸಿದಳು. ಮದುವೆಗೆ ಹನ್ನೊಂದು ದಿನ ಇರುವಾಗ ಕೊರಿಯರ್ ಬಂತು. ಉಣ್ಣೆಯ ಬದಲು ನೂತ ಕರಿ ದಾರದ ಒಂದು ಉಂಡೆ ಇತ್ತು. ಮುಟ್ಟಿದ ಕೂಡಲೇ ಅವಳ ಹುಬ್ಬು ಗಂಟಾಯಿತು. ಇಷ್ಟು ನಯ ಯಾವ ಕುರಿಗಿದೆ? ಕಡ್ಡಿ ಗೀರಿದಳು. ದಾರ ಮುದುಡಿ, ಕರಗಿ, ಕರಿ ಮಣಿಯಾಯಿತು.

“ಏನ್ಲಾ ವೆಂಕಟಾಚಲ, ಒಡಹುಟ್ಟಿದ ಅಕ್ಕಂಗೇ ಪ್ಲಾಸ್ಟಿಕ್ ಕಳಿಸೀಯಲ್ಲಾ!” ಎಂದು ಫೋನಿನಲ್ಲಿ ಕೂಗಾಡಿದಳು.

“ಅಕ್ಕಯ್ಯಾ, ಬಯ್ಯಬ್ಯಾಡ,” ಎಂದ ತಮ್ಮ. “ಕರಿ ಕುರಿ ಈಗ ಎಲ್ಲೈತೆ ಹೇಳು? ಹಟ್ಟೀಲಿ ಎಲ್ರೂ ಕೆಂಗುರಿ ಕಟ್ಟ್ಯಾರೆ. ಮಾಂಸ ಚೆನ್ನಾಗಿ ಬತ್ತದೆ, ಮೈಮ್ಯಾಲೆ ಉಣ್ಣೆ ಒಂದು ಚೂರೂ ಇಲ್ಲ. ಪ್ಯಾಟೇಲಿ ಉಲ್ಲನ್ ಅಂತ ಕೊಟ್ರು, ತಗೊಂಡೆ. ನಮ್ಮ ಹುಡುಗೀರ ಮದುವೇಗೂ ಅದನ್ನೇ ಕಟ್ಟಿದ್ದು, ಯಾರೂ ಏನೂ ಅನ್ನಲಿಲ್ಲ.”

ಅವಳು ಫೋನ್ ಇಟ್ಟಳು. ಹಳೆಯ ಕಂಬಳಿಯೊಂದು ಕಪಾಟಿನಲ್ಲಿತ್ತು, ಅವ್ವನದ್ದು. ಅದರಿಂದ ಎಳೆ ಕೀಳುವ ಹಾಗಿಲ್ಲ. ಕಂಕಣಕ್ಕೆ ಜೀವಂತ ಕುರಿಯ ಹೊಸ ಉಣ್ಣೆಯೇ ಬೇಕು, ಹೊದ್ದು ಹಳತಾದದ್ದು ಹೊಸ ಸಂಸಾರಕ್ಕೆ ಆಗುವುದಿಲ್ಲ ಎಂಬುದು ಅವ್ವ ಹಾಕಿಕೊಟ್ಟ ಕಟ್ಟು. ಮೊಬೈಲಿನಲ್ಲಿ ‘ಶುದ್ಧ ಉಣ್ಣೆ’ ಎಂದು ತರಿಸಿದ್ದೂ ಕಡ್ಡಿಯ ಮುಂದೆ ಮಣಿಯಾಯಿತು.

ಆಗ ಕಣ್ಣಿಗೆ ಬಿದ್ದದ್ದು ಆ ಮಂದೆ.

ಅಪಾರ್ಟ್‌ಮೆಂಟಿನ ಹಿಂದೆ ಇನ್ನೂ ಕಟ್ಟಡ ಏಳದ ಒಂದು ದೊಡ್ಡ ಖಾಲಿ ಜಾಗ, ಸುತ್ತ ಜಾಲಿಮುಳ್ಳಿನ ಬೇಲಿ. ಅಲ್ಲಿಗೆ ವಶರಾಮ್‌ಭಾಯಿ ಎಂಬ ಭರವಾಡ ಜನಾಂಗದ ಕುರಿಗಾಹಿ ಬೆಳಿಗ್ಗೆ ಅರವತ್ತು ಎಪ್ಪತ್ತು ಕುರಿ ತಂದು ಮೇಯಲು ಬಿಡುತ್ತಿದ್ದ. ಬಿಳಿ ಮೈ, ಕಂದು ಮುಖದ ಆ ಸೀಮೆಯ ಕುರಿಗಳು. ಏಳನೇ ಮಹಡಿಯಿಂದ ಪಾರ್ವತಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. ನಡುವೆ ಒಂದು ಕಪ್ಪಗೆ ಕಂಡಿತು. ಮೇಕೆ ಇರಬಹುದೇ? ಕನ್ನಡಕ ಒರೆಸಿ ಮತ್ತೆ ನೋಡಿದಳು. ಮೇಕೆಯಲ್ಲ, ಕುರಿ. ಮೈತುಂಬ ಕರಿ ಉಣ್ಣೆಯ ಕುರಿ. ಮರುಕ್ಷಣವೇ ಅವಳಿಗೆ ಇನ್ನೊಂದು ಯೋಚನೆ: ಬಣ್ಣ ಹಚ್ಚಿರಬಹುದೇ?

ಕುರಿಗೆ ಯಾರಾದರೂ ಬಣ್ಣ ಹಚ್ಚುತ್ತಾರೆಯೇ ಎಂದು ನೀವು ಕೇಳಬಹುದು. ಹನುಮಂತಪ್ಪನೂ ಕೇಳಿದ. ಅವಳು ಅಷ್ಟರಲ್ಲಿ ಚಪ್ಪಲಿ ಮೆಟ್ಟಿ ಕೆಳಗಿಳಿದಳು.

ಮೂವತ್ತು ವರ್ಷದ ಗುಜರಾತಿಯಲ್ಲಿ ಅವಳು ನಯವಾಗಿಯೇ ಕೇಳಿದಳು, “ಭಾಯಿ, ಆ ಕರಿ ಕುರಿಯ ಉಣ್ಣೆ ಒಂದು ಹಿಡಿ ಬೇಕಿತ್ತು.”

ವಶರಾಮ್‌ಭಾಯಿ ಅರವತ್ತು ದಾಟಿದವನು. ಕೋಲಿನ ಮೇಲೆ ಗದ್ದ ಊರಿಕೊಂಡು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ನೀವು ಆ ಕಟ್ಟಡದವರಾ, ಬೆನ್?”

“ಹೌದು.”

“ಹೋದ ವಾರ ನಿಮ್ಮ ಸೊಸೈಟಿಯವರು ಬಂದು ನನ್ನ ಕುರಿಗಳ ಫೋಟೋ ತೆಗೆದುಕೊಂಡು ಹೋದರು. ವಾಸನೆ ಬರುತ್ತದಂತೆ. ಈಗ ನೀವು ಉಣ್ಣೆ ಕೇಳುತ್ತೀರಿ. ಉಣ್ಣೆ ಈ ಕಾಲದಲ್ಲಿ ಯಾರಿಗೆ ಬೇಕು? ಪುಕ್ಕಟೆ ಕೊಟ್ಟರೂ ಒಯ್ಯುವವರಿಲ್ಲ, ಕತ್ತರಿಸಿ ಹಳ್ಳಕ್ಕೆ ಎಸೆಯುತ್ತೇವೆ. ನಿಮಗೇಕೆ? ಅದೂ ಕರಿಯದೇ ಏಕೆ?”

“ಮದುವೆಗೆ.”

“ಮದುವೆಗೆ ಯಾರಾದರೂ ಕರಿ ದಾರ ಕಟ್ಟುತ್ತಾರಾ?” ಎಂದು ಅವನು ಕುರಿಗಳ ಕಡೆ ಒಂದು ಹೆಜ್ಜೆ ಸರಿದು ಅಡ್ಡ ನಿಂತ. ಗುರುತಿಲ್ಲದ ಹೆಂಗಸು, ಕರಿ ಕುರಿ, ಅದರ ಮೈಯ ಕೂದಲು. ಅವನ ತಲೆಯಲ್ಲಿ ಏನು ಓಡುತ್ತಿದೆ ಎಂದು ಪಾರ್ವತಮ್ಮನಿಗೆ ಚೆನ್ನಾಗಿಯೇ ತಿಳಿಯಿತು. ಮಾಟ. ತನ್ನ ಊರಿನಲ್ಲಿ ಇಂಥವಳೊಬ್ಬಳು ಬಂದು ಕೇಳಿದ್ದರೆ ತನ್ನ ಅಪ್ಪನೂ ನಾಯಿ ಬಿಡುತ್ತಿದ್ದ. ತಿಳಿದೂ ಅವಳಿಗೆ ಮೈಯೆಲ್ಲ ಉರಿಯಿತು. ಜೀವಮಾನವೆಲ್ಲ ಇನ್ನೊಬ್ಬರನ್ನು ಅನುಮಾನಿಸಿದವಳನ್ನು ಯಾರೋ ಎದುರಿಗೇ ನಿಂತು ಅನುಮಾನಿಸಿದ್ದು ಅದೇ ಮೊದಲು.

ಮಾರನೆಯ ದಿನ ಬೆಳಿಗ್ಗೆ ಬಾಲ್ಕನಿಯಿಂದ ನೋಡಿದರೆ ಅವನು ಬೇಲಿಯಾಚೆ ಚಹಾದ ಗಾಡಿಯ ಹತ್ತಿರ ಕೂತಿದ್ದ. ಪಾರ್ವತಮ್ಮ ಹಿಂದಿನ ಗೇಟಿನಿಂದ ನುಸುಳಿ ಬೇಲಿಯ ಹತ್ತಿರ ಹೋದಳು. ಕುರಿಗಳು ಮೈ ಉಜ್ಜಿದ ಕಡೆಯೆಲ್ಲ ಮುಳ್ಳಿಗೆ ಉಣ್ಣೆ ಸಿಕ್ಕಿಕೊಂಡಿತ್ತು. ಹತ್ತಕ್ಕೆ ಒಂಬತ್ತು ಬಿಳಿ. ನೆಲದ ಮೇಲೆ ಕೂತು, ಹುಡುಕಿ ಹುಡುಕಿ ಕರಿಯದನ್ನು ಬಿಡಿಸತೊಡಗಿದಳು. ಬೆರಳಿಗೆ ಮುಳ್ಳು ಚುಚ್ಚಿ ರಕ್ತ ಬಂತು. ಅಷ್ಟು ಹೊತ್ತಾದರೂ ಸಿಕ್ಕಿದ್ದು ಹೆಬ್ಬೆರಳಿನ ಉಗುರಿನಷ್ಟು ಮಾತ್ರ.

“ಹೂಂ,” ಎಂದಿತು ಹಿಂದಿನಿಂದ ಒಂದು ದನಿ.

ವಶರಾಮ್‌ಭಾಯಿ ನಿಂತಿದ್ದ. ಐವತ್ಮೂರು ವರ್ಷದ ಹೆಂಗಸು, ವಿಮಾ ಕಚೇರಿ ಅಧಿಕಾರಿಯ ಹೆಂಡತಿ, ಬೇಲಿಯಲ್ಲಿ ಉಣ್ಣೆ ಕದಿಯುತ್ತಾ ಸಿಕ್ಕಿಬಿದ್ದಿದ್ದಳು. ಪಾರ್ವತಮ್ಮನ ಕೈಗಳು ತಮಗೆ ಗೊತ್ತಿದ್ದ ಕೆಲಸ ಮಾಡಿದವು. ಅವಳು ಆ ಚೂರು ಉಣ್ಣೆಯನ್ನು ಬೆರಳಲ್ಲಿ ಹಿಂಜಿ, ಒಂದು ತುದಿ ಎಳೆದು, ತೊಡೆಯ ಮೇಲೆ ಉಜ್ಜಿ ಹೊಸೆದಳು. ಗೇಣುದ್ದದ ದಾರವಾಯಿತು. ಅವನು ಬಗ್ಗಿ ಅದನ್ನು ತೆಗೆದುಕೊಂಡು ಎಳೆದು ನೋಡಿದ. ಕಡಿಯಲಿಲ್ಲ.

“ಯಾರು ಕಲಿಸಿದ್ದು?”

“ನಮ್ಮವ್ವ. ನಮ್ಮದೂ ಕುರಿ ಮನೆತನವೇ ಭಾಯಿ. ದಕ್ಷಿಣದಲ್ಲಿ.”

“ಲಿಫ್ಟಿನಲ್ಲಿ ಓಡಾಡುವ ಕುರಿಗಾಹಿ,” ಎಂದು ಅವನು ಮೀಸೆಯೊಳಗೆ ನಕ್ಕ. ಆದರೆ ಪೂರ್ತಿ ನಂಬಲಿಲ್ಲ. “ಹಾಗಿದ್ದರೆ ಹೇಳಿ. ನನ್ನ ಮಂದೆಯಲ್ಲಿ ಯಾವುದಕ್ಕೆ ಹುಷಾರಿಲ್ಲ?”

ಪಾರ್ವತಮ್ಮ ತಿರುಗಿ ನೋಡಿದಳು. ಎಷ್ಟೋ ವರ್ಷದಿಂದ ಯಾರೂ ಅವಳನ್ನು ಇಂಥ ಪ್ರಶ್ನೆ ಕೇಳಿರಲಿಲ್ಲ. ಮೂಲೆಯಲ್ಲಿ ಒಂದು ಕುರಿ ಮುಂಗಾಲು ಮಡಚಿ ಮೊಣಕಾಲ ಮೇಲೆ ನಿಂತು ಮೇಯುತ್ತಿತ್ತು. “ಅದರ ಗೊರಸು ಕೊಳೆತಿದೆ. ಅದರ ಪಕ್ಕದ್ದು ಇನ್ನು ನಾಲ್ಕು ದಿನದಲ್ಲಿ ಮರಿ ಹಾಕುತ್ತದೆ. ಕೆಚ್ಚಲು ನೋಡಿ,” ಎಂದಳು.

ವಶರಾಮ್‌ಭಾಯಿ ತಲೆಯಾಡಿಸಿದ. ಮತ್ತೆ ಏನೂ ಕೇಳದೆ ಸೊಂಟದ ಚೀಲದಿಂದ ಕತ್ತರಿ ತೆಗೆದು “ಕಾಳೀ” ಎಂದು ಕರೆದ. ಕರಿ ಕುರಿ ಬಂತು. ಉಣ್ಣೆ ಕತ್ತರಿಸುವ ಕಾಲಕ್ಕೆ ಇನ್ನೂ ತಿಂಗಳಿತ್ತು. ಆದರೂ ಅದರ ಹೆಗಲ ಹತ್ತಿರ ಒಂದು ದೊಡ್ಡ ಹಿಡಿ ಕತ್ತರಿಸಿ ಅವಳ ಅಂಗೈಗೆ ಹಾಕಿದ. ಒಂದಿಷ್ಟು ಸೆರಗಿನ ಮೇಲೂ ಬಿತ್ತು. ಬೆಚ್ಚಗಿತ್ತು. ಜಿಡ್ಡಿನ ವಾಸನೆ, ಅವ್ವನ ಮಡಿಲಿನ ವಾಸನೆ.

ಇಷ್ಟಕ್ಕೆ ಕೈಮುಗಿದು ಎದ್ದು ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವಳು ಬರಲಿಲ್ಲ. ಕೈಚೀಲಕ್ಕೆ ಕೈ ಹೋಯಿತು. ಅನುಮಾನದಿಂದ ಎಂದೂ ಹೇಳಲಾಗದು, ಬರೀ ಅಭ್ಯಾಸ. ಒಂದು ಚಿಟಿಕೆ ಉಣ್ಣೆ ಬೇರೆ ಮಾಡಿ, ಅವನ ಎದುರಿಗೇ, ಕಾಳಿಯ ಎದುರಿಗೇ ಕಡ್ಡಿ ಗೀರಿ ಹಿಡಿದಳು. ಕೂದಲು ಸುಟ್ಟ ವಾಸನೆ ಎದ್ದಿತು. ಬೂದಿ ಪುಡಿಯಾಯಿತು. ಸಂತೋಷದಿಂದ ಅವಳು ತಲೆಯೆತ್ತಿದರೆ ವಶರಾಮ್‌ಭಾಯಿಯ ಮುಖ ಬಿಳಿಚಿಕೊಂಡಿತ್ತು.

“ಜೀವಂತ ಪ್ರಾಣಿಯ ಕೂದಲು ಸುಡುತ್ತೀಯಾ? ಅದರ ಮುಂದೇ?” ಎಂದು ಅವನು ಕೂಗಿದ. “ಮೊದಲೇ ಅಂದುಕೊಂಡಿದ್ದೆ ನಾನು!” ಅವಳ ಅಂಗೈಯಲ್ಲಿದ್ದ ಉಣ್ಣೆಯನ್ನು ಬಾಚಿ ಕಿತ್ತುಕೊಂಡ. ಅವಳು ಪರೀಕ್ಷೆ, ಅಭ್ಯಾಸ, ಸೂರತ್, ಶಾಲು ಎಂದೆಲ್ಲ ತೊದಲಿದ್ದು ಅವನಿಗೆ ಕೇಳಿಸಲಿಲ್ಲ. ಸಿಳ್ಳೆ ಹಾಕಿ ಮಂದೆ ಎಬ್ಬಿಸಿದ. ಕುಂಟುವ ಕುರಿಯನ್ನೂ ಬಿಡದೆ ಹೊಡೆದುಕೊಂಡು ಹೋದವನು ಮಾರನೆಯ ದಿನ ಬರಲಿಲ್ಲ, ಅದರ ಮಾರನೆಯ ದಿನವೂ ಬರಲಿಲ್ಲ.

ಸೆರಗಿನ ಮಡಿಕೆಯಲ್ಲಿ ಉಳಿದದ್ದನ್ನು ಮನೆಗೆ ಬಂದು ಹಿಂಜಿ ನೂತಳು. ಐದು ಎಳೆ ಕೂಡಿಸಿ ಹೊಸೆದರೆ ಸರಿಯಾಗಿ ಒಂದು ಕಂಕಣ. ಒಂದೇ ಒಂದು. ಗಂಡನ ಸ್ಕೂಟರಿನ ಹಿಂದೆ ಕೂತು ಊರಾಚೆಯ ಸಾಣಂದದ ದಾರಿಯವರೆಗೂ ಹುಡುಕಿದಳು. ಎರಡು ಮಂದೆ ಸಿಕ್ಕವು, ಎರಡೂ ಅಪ್ಪಟ ಬಿಳಿ. “ಹುಡುಗೀಗೆ ಹತ್ತೀದೇ ಕಟ್ಟಿದ್ರಾಯ್ತು ಬಿಡು. ಅವರದ್ದೂ ಒಂದು ಪದ್ಧತಿ ಅಲ್ವಾ?” ಎಂದ ಹನುಮಂತಪ್ಪ. ಒಂದು ಕೈಗೆ ಉಣ್ಣೆ, ಒಂದು ಕೈಗೆ ಹತ್ತಿ! ಹತ್ತು ಜನರ ಮುಂದೆ ಆಡಿದ ಮಾತು ಏನಾಗಬೇಕು? ಶಕುಂತಲಾ ಆ ಹತ್ತಿಯ ಜೋಡಿಯನ್ನು ತಟ್ಟೆಯಲ್ಲಿಟ್ಟುಕೊಂಡು ಮುಸಿಮುಸಿ ನಗುವುದು ಅವಳ ಕಣ್ಣಿಗೆ ಕಟ್ಟಿತು.

ಮದುವೆಗೆ ಎರಡು ದಿನ ಉಳಿದಾಗ ಅವಳು ವೆಂಕಟಾಚಲ ಕಳಿಸಿದ ಉಂಡೆಯನ್ನು ಹೊರಗೆ ತೆಗೆದಳು. ಐದೆಳೆ ಕೂಡಿಸಿದಳು. ನಯ ಕಾಣದಿರಲೆಂದು ಒರಟು ಕಲ್ಲಿನ ಮೇಲೆ ತಿಕ್ಕಿದಳು, ಕೊಬ್ಬರಿ ಎಣ್ಣೆ ಸವರಿ ಜಿಡ್ಡು ಹಿಡಿಸಿದಳು. ಎರಡಕ್ಕೂ ಅರಿಸಿನದ ಕೊಂಬು ಕಟ್ಟಿ ಪಕ್ಕಪಕ್ಕ ಇಟ್ಟಾಗ ಬೇರೆ ಯಾರಿಗೂ ಗೊತ್ತಾಗುವಂತಿರಲಿಲ್ಲ. ಗುರುತಿಗೆಂದು ನಿಜವಾದದ್ದರ ಕೊಂಬನ್ನು ಸ್ವಲ್ಪ ಉದ್ದ ಇಟ್ಟಳು. ನಿಜವಾದದ್ದು ಮಗನಿಗೆ. ಇದು ಹುಡುಗಿಗೆ. ಹುಟ್ಟಿದಾಗಿನಿಂದ ಸುಳ್ಳು ದಾರ ಮುಟ್ಟಿ ಬೆಳೆದವಳಿಗೆ, ಹತ್ತಿ ಕಂಕಣದವರ ಮನೆಯವಳಿಗೆ ಉಣ್ಣೆ ಹೇಗಿರುತ್ತದೆಂದು ಏನು ಗೊತ್ತಾದೀತು? ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹೇಳಿಕೊಂಡರೂ ಊಟ ಸೇರಲಿಲ್ಲ.

ಇನ್ನು ಅವಳ ಅನುಮಾನಕ್ಕೆ ಬೇರೆಯೇ ದಿಕ್ಕು ಬಂತು. ಇಷ್ಟು ದಿನ ಯಾರು ಮೋಸ ಮಾಡುತ್ತಾರೋ ಎಂದು ನೋಡುತ್ತಿದ್ದವಳು ಈಗ ಯಾರು ಕಂಡುಹಿಡಿಯುತ್ತಾರೋ ಎಂದು ನೋಡತೊಡಗಿದಳು. ಶಕುಂತಲಾ ಫೋನ್ ಮಾಡಿ “ಉಣ್ಣಿ ಸಿಕ್ತೇನ್ರಿ ಬೀಗ್ರ?” ಎಂದಾಗ ಯಾರು ಹೇಳಿರಬಹುದು ಎಂದು ಅನುಮಾನ. ಆದರ್ಶ “ಅಮ್ಮಾ, ಎರಡೂ ರೆಡಿನಾ?” ಎಂದಾಗ ‘ಎರಡೂ’ ಎಂದು ಏಕೆ ಒತ್ತಿ ಹೇಳಿದ ಎಂದು ಅನುಮಾನ. ಮದುವೆಯ ಬೆಳಿಗ್ಗೆ ಕೈಚೀಲದಿಂದ ಬೆಂಕಿಪೊಟ್ಟಣ ತೆಗೆದು ಅಡುಗೆಮನೆಯ ಡಬ್ಬಿಯೊಂದರ ಹಿಂದೆ ಬಚ್ಚಿಟ್ಟು ಹೊರಟಳು. ತನ್ನ ಪೊಟ್ಟಣವನ್ನೇ ಯಾರಾದರೂ ತೆಗೆದು ಗೀರಿದರೆ?

ಮಂಟಪದಲ್ಲಿ ಮೊದಲು ಮಗನ ಕೈಗೆ ಕಟ್ಟಿದಳು. ಸಲೀಸಾಗಿ ಗಂಟು ಬಿತ್ತು. ತನುಶ್ರೀ ಕೈ ಚಾಚಿದಳು. ಮದರಂಗಿ ಹಚ್ಚಿದ ತೆಳ್ಳನೆಯ ಮುಂಗೈ. ಪಕ್ಕದಲ್ಲಿ ಶಕುಂತಲಾ ಬಗ್ಗಿ ನಿಂತಿದ್ದಳು. ಪಾರ್ವತಮ್ಮ ಗಂಟು ಹಾಕಿದಳು, ಜಾರಿತು. ಮತ್ತೆ ಹಾಕಿದಳು, ಮತ್ತೆ ಜಾರಿತು. ಮೂರನೇ ಸಲ ತನುಶ್ರೀ ಇನ್ನೊಂದು ಕೈಯಿಂದ ದಾರದ ತುದಿ ಹಿಡಿದುಕೊಟ್ಟಳು. ಕ್ಷಣಕಾಲ ದಾರ ಅವಳ ಬೆರಳುಗಳ ನಡುವೆ ಇತ್ತು. ಅವಳು ತಲೆಯೆತ್ತಿ ಅತ್ತೆಯ ಮುಖ ನೋಡಿದಳು. ಈ ಸಲ ಕಣ್ಣು ತಗ್ಗಿಸಲಿಲ್ಲ.

“ಭಾಳ ಚೆಂದ ಮಾಡೀರಿ, ಬೀಗ್ರ,” ಎಂದಳು ಶಕುಂತಲಾ. ಅವಳ ಹತ್ತಿಯ ಜೋಡಿ ಕೊನೆಯವರೆಗೂ ಚೀಲದಿಂದ ಹೊರಗೆ ಬರಲೇ ಇಲ್ಲ. ನಿಜವಾಗಿಯೂ ಅವಳಿಗೆ ಯಾವ ಹುನ್ನಾರವೂ ಇರಲಿಲ್ಲ. ಅದು ತಿಳಿದು ಪಾರ್ವತಮ್ಮನಿಗೆ ಇನ್ನಷ್ಟು ಕಷ್ಟವಾಯಿತು.

ಮೂರನೇ ದಿನ ಬೋಪಾಲ್‌ನ ಮನೆಯಲ್ಲಿ ಕಂಕಣ ಬಿಚ್ಚುವ ಶಾಸ್ತ್ರ. ಒಬ್ಬರ ಗಂಟನ್ನು ಇನ್ನೊಬ್ಬರು ಒಂದೇ ಕೈಯಲ್ಲಿ ಬಿಚ್ಚಬೇಕು. ನಗು, ಚೇಷ್ಟೆ, ಗಲಾಟೆ. ಎಲ್ಲ ಮುಗಿದು ಜನ ಊಟಕ್ಕೆ ಕೂತಾಗ ತನುಶ್ರೀ ಎರಡು ಕಂಕಣಗಳನ್ನೂ ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಪಾರ್ವತಮ್ಮ ಒಬ್ಬಳೇ ಇದ್ದಳು.

“ಅತ್ತೆ,” ಎಂದು ತನಗೆ ಕಟ್ಟಿದ್ದನ್ನು ಮುಂದೆ ಹಿಡಿದು ಅವಳು ಪದ ಹುಡುಕಿದಳು. “ಇದು... ಇದು ಆಕ್ರಿಲಿಕ್. ಉಣ್ಣೆ ಅಲ್ಲ.”

ಪಾರ್ವತಮ್ಮನ ಕೈಯಲ್ಲಿದ್ದ ಸೌಟು ನಿಂತಿತು. “ಯಾರಿಗೆ ಹೇಳಿದೀಯ?” ಬಾಯಿಂದ ಮೊದಲು ಬಂದದ್ದು ಅದೇ.

“ಯಾರಿಗೂ ಇಲ್ಲ.”

“ಯಾವಾಗ ಗೊತ್ತಾತು?”

“ಮಂಟಪದಲ್ಲೇ. ದಿನಾ ಇದೇ ಅಲ್ವಾ ನನ್ನ ಕೆಲಸ, ಕೈ ಇಟ್ರೆ ಸಾಕು.” ಅವಳು ಸ್ವಲ್ಪ ತಡೆದಳು. “ಆದ್ರೆ ಅದಕ್ಕೂ ಮೊದ್ಲೇ... ನಿಮ್ಮ ಕೈ ನಡುಗ್ತಾ ಇತ್ತು ಅತ್ತೆ. ಆದರ್ಶ್‌ಗೆ ಕಟ್ಟುವಾಗ ನಡುಗಲಿಲ್ಲ.”

“ಗೊತ್ತಾಗೀನೂ ಸುಮ್ನಿದ್ಯಾ?”

“ಮಮ್ಮಿ ಪಕ್ಕದಲ್ಲೇ ಇದ್ರು. ಅಷ್ಟು ಜನ ಇದ್ರು. ನಿಮಗೆ ಎಷ್ಟು ಬೇಜಾರ್ ಆಗ್ತಿತ್ತು.”

ಪಾರ್ವತಮ್ಮ ಗೋಡೆಗೆ ಒರಗಿದಳು. ಉಣ್ಣೆ, ಮುಳ್ಳಿನ ಬೇಲಿ, ಕಾಳಿ, ಬೆಂಕಿಕಡ್ಡಿ, ಎಲ್ಲವನ್ನೂ ಹೇಳಿದಳು, ಒಂದನ್ನೂ ಮುಚ್ಚಿಡಲಿಲ್ಲ. ಒಂದಕ್ಕೆ ಮಾತ್ರ ಆಗುವಷ್ಟಿತ್ತು, ಅದಕ್ಕೇ ಹೀಗೆ ಮಾಡಿಬಿಟ್ಟೆ ಎಂದಳು. ಹೇಳುತ್ತಿದ್ದ ಹಾಗೆ ವಶರಾಮ್‌ಭಾಯಿಯ ಮುಖ ನೆನಪಾಯಿತು. ಆ ಮುದುಕ ಅನುಮಾನಪಟ್ಟದ್ದು ಅನುಮಾನಕ್ಕೆ ತಕ್ಕವಳ ಮೇಲೆಯೇ ಎಂದು ಅವಳಿಗೆ ಅನ್ನಿಸಿತು.

ತನುಶ್ರೀ ಉದ್ದ ಕೊಂಬಿನ ಕಂಕಣವನ್ನು ಬೆಳಕಿಗೆ ಹಿಡಿದು, ತುದಿಯನ್ನು ಉಗುರಿನಿಂದ ಬಿಡಿಸಿ ನೋಡುತ್ತಿದ್ದಳು. ಕೆಲಸ ಗೊತ್ತಿದ್ದವರ ಬೆರಳು. “ಎಷ್ಟು ಚೆನ್ನಾಗಿ ನೂತಿದ್ದೀರಾ,” ಎಂದಳು. ಆಮೇಲೆ ಎಣಿಸಿದಳು. “ಐದು ಎಳೆ ಇದೆ. ಅತ್ತೆ, ಮೂರು ಅವನಿಗೆ ಕಟ್ಟಿ ಎರಡು ನನಗೆ ಕಟ್ಟಬಹುದಿತ್ತಲ್ವಾ?”

ಅವಳು ಚುಚ್ಚಲು ಕೇಳಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದಳು. ಅವ್ವನ ಕಾಲದಿಂದ ಐದೆಳೆಯೇ ಎನ್ನಬಹುದಿತ್ತು, ತೆಳ್ಳಗಾದರೆ ಜನ ಆಡಿಕೊಳ್ಳುತ್ತಾರೆ ಎನ್ನಬಹುದಿತ್ತು. ಎರಡೂ ಬರೀ ನೆಪವೆಂದು ಪಾರ್ವತಮ್ಮನಿಗೇ ಗೊತ್ತಿತ್ತು. ಯಾರ ಕಣ್ಣು ಹೇಗೆ ತಪ್ಪಿಸಲಿ ಎಂದು ಎಷ್ಟೆಲ್ಲ ಲೆಕ್ಕ ಹಾಕಿದ್ದಳು. ಇರುವುದರಲ್ಲಿ ಈ ಹುಡುಗಿಗೂ ಪಾಲು ಮಾಡೋಣ ಎಂಬುದು ಒಮ್ಮೆಯೂ ತಲೆಗೆ ಬಂದಿರಲಿಲ್ಲ.

“ನಂಗೆ ಹೊಳೀಲೇ ಇಲ್ಲ ಕಣವ್ವಾ,” ಎಂದಳು.

ನಾಚಿಕೆಯಿಂದ ಅವಳಿಗೆ ಆ ಸುಳ್ಳು ದಾರವನ್ನು ನೋಡಲಾಗಲಿಲ್ಲ. ಒಲೆ ಉರಿಯುತ್ತಿತ್ತು. ಬೆಂಕಿಗೆ ಹಾಕಿ ಮುಗಿಸಿಬಿಡೋಣ ಎಂದು ಕೈ ಚಾಚಿದಳು. ತನುಶ್ರೀ ಚಟ್ಟನೆ ಮುಷ್ಟಿ ಮುಚ್ಚಿ ಕೈ ಹಿಂದಕ್ಕೆ ಎಳೆದುಕೊಂಡಳು. ಆ ಕ್ಷಣದಲ್ಲೂ ಪಾರ್ವತಮ್ಮನ ಹಳೆಯ ಬುದ್ಧಿ ಕೆಲಸ ಮಾಡಿತು: ಏಕೆ ಇಟ್ಟುಕೊಳ್ಳುತ್ತಿದ್ದಾಳೆ? ನಾಳೆ ಅವರಮ್ಮನಿಗೆ ತೋರಿಸುವುದಕ್ಕೆ?

“ಸುಡಬೇಡಿ ಅತ್ತೆ,” ಎಂದಳು ಹುಡುಗಿ. “ನನ್ನ ಮದುವೆಗೆ ಕಟ್ಟಿದ್ದು ಇದೇ ಅಲ್ವಾ.”

ಅವಳು ಅದನ್ನು ಮಡಚಿ, ಸೀರೆಯ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಳು. ನಿಜವಾದ ಉಣ್ಣೆಯ ಐದೆಳೆಯನ್ನು ಅತ್ತೆಯ ಕೈಗೆ ಕೊಟ್ಟು, ಬಡಿಸಲು ಅನ್ನದ ಪಾತ್ರೆ ಎತ್ತಿಕೊಂಡು ಹೊರಗೆ ಹೋದಳು.